ಕೇಳುವ ಮೊದಲೇ ಕೊಡುವ ಹಾರ್ಡ್‌ವೇರಮ್ಮ

ಹಾರ್ಡ್‌ವೇರ್ ಅಂಗಡಿಗೆ ಬರುವವರಲ್ಲಿ ಮುಕ್ಕಾಲು ಮಂದಿಗೆ ತಮಗೆ ಬೇಕಾದ ಸಾಮಾನಿನ ಹೆಸರೇ ಗೊತ್ತಿರುವುದಿಲ್ಲ. ಕೌಂಟರಿಗೆ ಒರಗಿ ನಿಂತು, ಗಾಳಿಯಲ್ಲಿ ಬೆರಳು ತಿರುಗಿಸಿ, "ಅದೇ ಅಕ್ಕಾ, ಹೀಗಿರುತ್ತಲ್ಲ, ಅದರೊಳಗೆ ಇದು ಹೋಗುತ್ತಲ್ಲ, ಅದು" ಎನ್ನುತ್ತಾರೆ. ಬೇರೆ ಅಂಗಡಿಯವರಾದರೆ ತಲೆ ಕೆರೆದುಕೊಳ್ಳಬೇಕು. ನಮ್ಮ ಹಾರ್ಡ್‌ವೇರಮ್ಮ ಹಾಗಲ್ಲ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವನ ಒದ್ದೆ ಪ್ಯಾಂಟು ನೋಡಿ ನಲ್ಲಿಯ ವಾಷರ್ ತೆಗೆದಿಡುತ್ತಿದ್ದಳು. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದವನಿಗೆ ಹಿಡಿ ಗಟ್ಟಿಯಿರುವ ಸುತ್ತಿಗೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡದೆ ಬಂದರೆ ಬಚ್ಚಲುಮನೆಯ ಬಾಗಿಲಿಗೆ ಚಿಲಕ. ಬಂದವರು ಬಾಯಿ ತೆರೆಯುವುದರೊಳಗೆ ಸಾಮಾನು ಪೊಟ್ಟಣ ಸೇರಿರುತ್ತಿತ್ತು. ಅವಳಿಗೆ ಅದರ ಬಗ್ಗೆ ಬಲು ಹೆಮ್ಮೆ.

ತಾಪತ್ರಯ ಏನೆಂದರೆ, ಅಂಗಡಿಗೆ ಬೀಗ ಹಾಕಿದರೂ ಈ ವಿದ್ಯೆಗೆ ಬೀಗ ಬೀಳುತ್ತಿರಲಿಲ್ಲ. ಮನೆಯಲ್ಲಿ ಯಜಮಾನರು "ಸ್ವಲ್ಪ..." ಎಂದರೆ ಸಾಕು, ಕೈಗೆ ನೀರಿನ ಲೋಟ ಬರುತ್ತಿತ್ತು. ಮದುವೆಯಾದಾಗಿನಿಂದ ಅವರು ಒಂದು ವಾಕ್ಯವನ್ನೂ ಪೂರ್ತಿ ಮಾಡಿದವರಲ್ಲ. ಅದರಲ್ಲಿ ಅವರಿಗೆ ಸುಖವೇ ಇತ್ತು, ಮನುಷ್ಯ ಸ್ವಭಾವತಃ ಸೋಮಾರಿ.

ಹೀಗಿರುವಾಗ ಮೊಮ್ಮಗನ ಮಾತು ತಡವರಿಸತೊಡಗಿತು.

ಹುಡುಗನಿಗೆ ನಾಲ್ಕು ವರ್ಷ. ನಿಂತಲ್ಲಿ ನಿಲ್ಲದೆ ಕಂಬ ಕಂಡರೆ ಅದರ ಸುತ್ತ ತಿರುಗುತ್ತಿದ್ದುದರಿಂದ ಎಲ್ಲರೂ ಬುಗುರಿ ಎನ್ನುತ್ತಿದ್ದರು. ಮೊನ್ನೆ ಮೊನ್ನೆಯವರೆಗೆ ಅರಳು ಹುರಿದಂತೆ ಮಾತಾಡುತ್ತಿದ್ದವನು. ಈಗ ಮಾತಿನ ಮೊದಲ ಅಕ್ಷರವೇ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. "ನ... ನ... ನ..." ಎಂದು ನಿಲ್ಲುತ್ತಿದ್ದ, ಕಣ್ಣು ಮಿಟುಕಿಸುತ್ತಿದ್ದ, ಮತ್ತೆ ಹೊರಡುತ್ತಿದ್ದ.

ಅಜ್ಜಿ ಸುಮ್ಮನಿರುವಳೇ? ಗಿರಾಕಿಗಳಿಗೆ ಮಾಡುವ ಉಪಕಾರವನ್ನು ಮೊಮ್ಮಗನಿಗೆ ಮಾಡದಿದ್ದರೆ ಅವಳೆಂಥ ಅಜ್ಜಿ. ಹುಡುಗ ಬಾಯಿ ತೆರೆದು ಕಪಾಟಿನ ಕಡೆ ನೋಡಿದರೆ ಬಿಸ್ಕತ್ತು ಕೊಟ್ಟಳು. ಕೈ ಉಜ್ಜಿಕೊಂಡರೆ ಸ್ವೆಟರ್ ತೊಡಿಸಿದಳು, ಸುಡುಸುಡು ಮಧ್ಯಾಹ್ನ. ಹುಡುಗನೂ ಎಂಥ ಸಾಧುವೆಂದರೆ, ಹೇಳುವ ಕಷ್ಟಕ್ಕಿಂತ ತಿನ್ನುವುದೇ ಸುಲಭವೆಂದು ಬಿಸ್ಕತ್ತು ತಿನ್ನುತ್ತಿದ್ದ, ಬೆವರುತ್ತಾ ಸ್ವೆಟರಿನಲ್ಲಿ ಕೂರುತ್ತಿದ್ದ. ಒಂದು ಬೆಳಿಗ್ಗೆ ಕಿಟಕಿ ತೋರಿಸಿ "ಕಾ... ಕಾ..." ಎನ್ನುವಷ್ಟರಲ್ಲಿ ಅಜ್ಜಿ ಅವನಿಗೆ ಬೂಟು ತೊಡಿಸಿ ಬೀದಿಯಲ್ಲಿ ಎರಡು ಸುತ್ತು ತಿರುಗಿಸಿ ತಂದಳು. ಅವನು ಹೇಳಹೊರಟಿದ್ದುದು, ಕಾಗೆಯೊಂದು ಅಮ್ಮನ ಕ್ಲಿಪ್ಪು ಕಚ್ಚಿಕೊಂಡು ಹೋಗುತ್ತಿದೆ ಎಂದು. ಕ್ಲಿಪ್ಪು ಹೋಯಿತು. ಹುಡುಗ ಆಮೇಲೆ ಅಜ್ಜನಿಗೆ ಹೇಳಿದ್ದನಂತೆ, ವಿಷಯ ಸಂಜೆ ಅವರಿಂದ ತಿಳಿಯಿತು.

ಸೊಸೆ ಮಾತಿನ ಡಾಕ್ಟರಮ್ಮನ ಬಳಿಗೆ ಹೊರಟಾಗ ಅತ್ತೆಯೂ ಜೊತೆಗೆ ಹೋದಳು. ಡಾಕ್ಟರಮ್ಮ ಹುಡುಗನ ಜೊತೆ ನೆಲದ ಮೇಲೆ ಕೂತು ಆಟವಾಡಿ, ಎದ್ದು ಬಂದು, "ಮನೇಲಿ ನೀವು ಮಾಡಬೇಕಾದ್ದು..." ಎಂದರು.

"ನಾಲಿಗೆಗೆ ಜೇನು ಸವರಬೇಕು," ಎಂದಳು ಹಾರ್ಡ್‌ವೇರಮ್ಮ.

"ಅಲ್ಲಮ್ಮ. ಅವನು ಮಾತಾಡುವಾಗ..."

"ನಿಧಾನವಾಗಿ ಹೇಳು ಅನ್ನಬೇಕು."

"ಅದೂ ಅಲ್ಲ. ಅವನ ಮಾತನ್ನ..."

"ನಾವೇ ಮುಗಿಸಿಕೊಡಬೇಕು. ಕೊಡ್ತಾನೇ ಇದ್ದೀನಿ."

ಸೊಸೆ ಗೋಡೆಯ ಮೇಲಿನ ಆನೆಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು. ಡಾಕ್ಟರಮ್ಮ ಏನೂ ಹೇಳದೆ, ಕೈ ಕಟ್ಟಿ, ನಗುಮುಖದಿಂದ ಅಜ್ಜಿಯನ್ನೇ ನೋಡುತ್ತಾ ಕೂತರು. ಅಜ್ಜಿಯ ಬಾಯಲ್ಲಿದ್ದ ಸರಕೆಲ್ಲ ಖರ್ಚಾಗಿ ಕೊಠಡಿ ನಿಶ್ಶಬ್ದವಾದ ಮೇಲೆ ಹೇಳಿದರು: "ಈ ವಯಸ್ಸಲ್ಲಿ ತುಂಬಾ ಮಕ್ಕಳಿಗೆ ಹೀಗಾಗುತ್ತೆ. ಎಷ್ಟೋ ಮಕ್ಕಳಿಗೆ ತಾನಾಗೇ ಹೋಗುತ್ತೆ, ಕೆಲವರಿಗೆ ಉಳಿಯುತ್ತೆ. ನಾನು ನೋಡ್ತಾ ಇರ್ತೀನಿ. ನೀವು ಅವನ ಮಾತು ಮುಗಿಸಬೇಡಿ, ತಿದ್ದಬೇಡಿ, ನಿಧಾನ ಅಂತಾನೂ ಅನ್ನಬೇಡಿ. ಮುಖ ನೋಡಿ, ಕಾಯಿರಿ. ಹೇಗೆ ಹೇಳ್ತಾನೆ ಅನ್ನೋದನ್ನ ಬಿಡಿ, ಏನು ಹೇಳ್ತಾನೆ ಅಂತ ಕೇಳಿ."

"ಕಾಯೋದಾ? ಅಷ್ಟೇನಾ?" ಎಂದು ಅಜ್ಜಿ ಸಮಾಧಾನದಿಂದ ಮನೆಗೆ ಬಂದಳು.

ಅಷ್ಟೇ ಅಲ್ಲವೆಂದು ಬಂದ ಮೇಲೆ ಗೊತ್ತಾಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇವಳದು ಸುಟ್ಟರೆ ಹೊಗೆಯೂ ನಿಮ್ಮ ಮಾತು ಮುಗಿಸಿಕೊಡುವಂಥದ್ದು. ಹುಡುಗ ಬಾಯಿ ತೆರೆದರೆ ಅವಳ ಗಂಟಲಲ್ಲಿ ಉತ್ತರ ಬಂದು ಕೂತಿರುತ್ತಿತ್ತು. ಕೊನೆಗೆ ಒಂದು ಉಪಾಯ ಮಾಡಿದಳು. ಹುಡುಗ ಹತ್ತಿರ ಬಂದಾಗಲೆಲ್ಲ ಬಾಯಿ ತುಂಬ ನೀರು ತುಂಬಿಕೊಂಡು, ಕೆನ್ನೆ ಉಬ್ಬಿಸಿ, ಕಣ್ಣರಳಿಸಿ ಕೂತಳು. ಹುಡುಗ ಹೇಳಬೇಕಾದ್ದನ್ನು ಮರೆತು ಬಿದ್ದು ಬಿದ್ದು ನಕ್ಕ. ಅವನ ನಗು ನೋಡಿ ಇವಳಿಗೂ ನಗು ಬಂತು. ಎದುರಿಗೆ ಪೇಪರ್ ಓದುತ್ತಿದ್ದ ಯಜಮಾನರು ತಲೆಯಿಂದ ಹೊಟ್ಟೆಯವರೆಗೆ ಒದ್ದೆಯಾದರು.

ನೀರು ಬೇಡ, ಗಿರಾಕಿಗಳ ಮೇಲೆ ಅಭ್ಯಾಸ ಮಾಡೋಣ ಎಂದುಕೊಂಡಳು. ಮಾರನೆಯ ದಿನ ಪ್ಲಂಬರ್ ಬಂದು, "ಅಕ್ಕಾ, ಸಿಂಕ್ ಕೆಳಗೆ ಆ ಇದು..." ಎಂದು ಎಂದಿನಂತೆ ಅರ್ಧಕ್ಕೆ ಬಿಟ್ಟು ಕೈ ಚಾಚಿದ. ಅಕ್ಕ ಕೊಡಲಿಲ್ಲ. ಗಲ್ಲಕ್ಕೆ ಕೈಯಿಟ್ಟು, ಮುಖದ ತುಂಬ ಪ್ರೀತಿ ತಂದುಕೊಂಡು ಅವನನ್ನೇ ನೋಡಿದಳು. ಪ್ಲಂಬರ್ ಹಿಂದೆ ತಿರುಗಿ ನೋಡಿದ, ಅಲ್ಲಿ ಯಾರೂ ಇರಲಿಲ್ಲ. ಮುಖ ಒರೆಸಿಕೊಂಡ. ಅವಳು ಇನ್ನೂ ಮುಗುಳ್ನಗುತ್ತಿದ್ದಳು. "ಆಮೇಲೆ ಬರ್ತೀನಿ ಅಕ್ಕಾ," ಎಂದವನೇ ಕಾಲಿಗೆ ಬುದ್ಧಿ ಹೇಳಿದ. ಹಾರ್ಡ್‌ವೇರಮ್ಮನಿಗೆ ಏನೋ ಆಗಿದೆ ಎಂಬ ಸುದ್ದಿ ಸಂಜೆಯೊಳಗೆ ಬೀದಿಯ ಆ ತುದಿ ಮುಟ್ಟಿತ್ತು.

ಇದೆಲ್ಲ ತಮಾಷೆಯೇ. ಆದರೆ ಒಂದು ಭಾನುವಾರ ಅವಳ ಎದೆಗೆ ನಾಟುವಂಥದ್ದು ನಡೆಯಿತು. ಅಡುಗೆಮನೆಯಲ್ಲಿದ್ದಾಗ ನಡುಮನೆಯಿಂದ ಹುಡುಗನ ದನಿ ಕೇಳಿತು. ಮಂಚದ ಮೇಲೆ ಮಲಗಿದ್ದ ಅಜ್ಜನಿಗೆ ಏನೋ ದೊಡ್ಡ ಕಥೆ ಹೇಳುತ್ತಿದ್ದ. ತಡವರಿಸುತ್ತಿದ್ದ, ನಿಲ್ಲುತ್ತಿದ್ದ, ಮತ್ತೆ ಹೊರಡುತ್ತಿದ್ದ, ಯಾವ ಅವಸರವೂ ಇಲ್ಲ. ಅಜ್ಜ ಅರ್ಧ ಕಣ್ಣು ಮುಚ್ಚಿ "ಹೂಂ" ಎನ್ನುತ್ತಿದ್ದರು. ಇವಳು ಕೈ ಒರೆಸಿಕೊಂಡು ಆಸೆಯಿಂದ ಬಾಗಿಲಿಗೆ ಬಂದಳು. ಅವಳನ್ನು ಕಂಡದ್ದೇ ಹುಡುಗ ಬಾಯಿ ಮುಚ್ಚಿದ. ಬಿಸ್ಕತ್ತು ಬರುತ್ತದೋ ಸ್ವೆಟರ್ ಬರುತ್ತದೋ ಎಂದು ಕಾದು ನಿಂತ.

ಅವಳಿಗೆ ಹೊಟ್ಟೆ ಉರಿಯಿತು. ಅಳುವೂ ಬಂತು. ಊರಿಗೆಲ್ಲ ಕೇಳುವ ಮೊದಲೇ ಕೊಟ್ಟವಳಿಗೆ ಸ್ವಂತ ಮೊಮ್ಮಗ ಒಂದು ಮಾತು ಕೊಡುತ್ತಿಲ್ಲ. ಜಗತ್ತಿನಲ್ಲಿ ಯಾರ ಹತ್ತಿರ ಬೇಕಾದರೂ ಹೇಳಲಿ, ತನ್ನ ಹತ್ತಿರವೂ ಒಂದೇ ಒಂದು ವಿಷಯ ಅವನಾಗಿ ಬಂದು ಹೇಳಲಿ ಎಂದು ಅವಳು ಹಂಬಲಿಸಿದಳು. ಅಂದಿನಿಂದ ಅವನು ಎದುರಿಗೆ ಬಂದರೆ ಕೈ ಎರಡನ್ನೂ ತೊಡೆಯ ಕೆಳಗೆ ಹಾಕಿಕೊಂಡು, ನಾಲಿಗೆ ಕಚ್ಚಿಕೊಂಡು ಕೂರುತ್ತಿದ್ದಳು. ಹುಡುಗ ನೋಡಿಕೊಂಡು ಹೋಗುತ್ತಿದ್ದ. ದಿನ ಕಳೆದವು.

ಒಂದು ಮಧ್ಯಾಹ್ನ ಯಜಮಾನರು ಹುಡುಗನ ಕೈ ಹಿಡಿದುಕೊಂಡು ಅಂಗಡಿಗೆ ಊಟದ ಡಬ್ಬಿ ತಂದರು. ಕುಂಟುತ್ತಾ ಬಂದರು, ಮಂಡಿನೋವು, ಅದಕ್ಕೇ ವರ್ಷದಿಂದ ಅಂಗಡಿಯಲ್ಲಿ ನಿಲ್ಲುತ್ತಿರಲಿಲ್ಲ. ಒಳಗೆ ಪ್ಲಂಬರ್, ಬಣ್ಣದವನು, ಬಡಗಿ ಮೂವರೂ ಕಾಯುತ್ತಿದ್ದರು. ಅವರಿಗೆಲ್ಲ ಮಂಡಿಯ ವೃತ್ತಾಂತ ವಿವರಿಸುತ್ತಾ ಯಜಮಾನರು "ಅಯ್ಯಪ್ಪಾ" ಎಂದು ಸ್ಟೂಲಿನ ಮೇಲೆ ಕೂತರು. ಹುಡುಗ ಅಜ್ಜನ ಮಂಡಿಯನ್ನೇ ನೋಡಿದ. ಆಮೇಲೆ ನೇರ ಕೌಂಟರಿನ ಹಿಂದಕ್ಕೆ ಬಂದು ಅಜ್ಜಿಯ ಸೆರಗು ಎಳೆದ.

"ಅಜ್ಜಿ, ನೀ... ನೀ... ನೀನು..."

ಅಜ್ಜಿ ತಕ್ಕಡಿಗೆ ಹಾಕುತ್ತಿದ್ದ ಮೊಳೆಗಳನ್ನು ಹಾಗೇ ಬಿಟ್ಟು ಅವನ ಎದುರು ಕುಕ್ಕರುಗಾಲಲ್ಲಿ ಕೂತಳು.

"ಹಸಿವೇನೋ ಪುಟ್ಟಾ?" ಎಂದ ಪ್ಲಂಬರ್.

"ಒಂದಕ್ಕೆ ಬಂದಿರಬೇಕು," ಎಂದ ಬಣ್ಣದವನು.

"ಎಲ್ಲರೂ ಸುಮ್ನಿರಿ," ಎಂದಳು ಹಾರ್ಡ್‌ವೇರಮ್ಮ. ಅವಳ ತಲೆಯೊಳಗೂ ಬಲೂನು, ಬಾಯಾರಿಕೆ, ನಿದ್ದೆ ಎಲ್ಲವೂ ಸಾಲುಗಟ್ಟಿ ನಿಂತಿದ್ದವು. ಒಂದನ್ನೂ ಹೊರಗೆ ಬಿಡಲಿಲ್ಲ.

"ನೀನು ಅಂ... ಅಂಗಡಿಗೆ ಬಂದ್ಮೇಲೆ ಅಜ್ಜ ಮಂ... ಮಂಚದ ಮೇಲೆ ಹತ್ತಿ..."

ಯಜಮಾನರು ಸ್ಟೂಲಿನಿಂದ ಎದ್ದರು. "ಸೆಕೆ ಆಗ್ತಿದೆ ಮಗೂಗೆ. ಬಾರೋ, ಹೋಗೋಣ."

"ಹತ್ತಿ, ಕು... ಕು..."

"ಕೂತ್ಕೋತಾನೆ ಅಂತ," ಎಂದರು ಯಜಮಾನರು. "ಅಷ್ಟೇ. ಕೂತ್ಕೋತೀನಿ."

"ರೀ, ಮಧ್ಯೆ ಬಾಯಿ ಹಾಕಬೇಡಿ. ಅವನೇ ಹೇಳ್ತಾನೆ."

ಹುಡುಗ ಕಣ್ಣು ಮಿಟುಕಿಸಿದ. ಅಜ್ಜಿ ಅವನ ಮುಖ ನೋಡುತ್ತಾ ಕೂತಳು. ಬಡಗಿ ಉಸಿರು ಬಿಗಿಹಿಡಿದಿದ್ದ.

"ಕುಣೀತಾನೆ," ಎಂದ ಹುಡುಗ. "ನಿನ್ನ ಶಾ... ಶಾಲು ಸುತ್ಕೊಂಡು. ಪೊರಕೆ ಹಿಡ್ಕೊಂಡು. ಎಗರಿ ಎಗರಿ."

ಮೊದಲು ಬಣ್ಣದವನು, ಹಿಂದೆಯೇ ಎಲ್ಲರೂ ನಕ್ಕರು. ಯಜಮಾನರು ಇಂಗು ತಿಂದ ಮಂಗನಂತೆ ಡಬ್ಬಿ ಹಿಡಿದು ನಿಂತಿದ್ದರು. ವರ್ಷದಿಂದ ಕಿವಿಗೆ ಹೂವಿಟ್ಟ ಗಂಡನ ಮೇಲೆ ಹಾರ್ಡ್‌ವೇರಮ್ಮನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ನಾಳೆಗೆ ಇಟ್ಟುಕೊಂಡಳು. ನೂರು ವರ್ಷ ಊಹಿಸಿದ್ದರೂ ಈ ಮಾತು ಅವಳ ತಲೆಗೆ ಹೊಳೆಯುತ್ತಿರಲಿಲ್ಲ. ಅದನ್ನು ಹುಡುಗ ತನಗೇ ತಂದುಕೊಟ್ಟಿದ್ದ. ಅವಳ ಕಣ್ಣಲ್ಲಿ ನೀರು ಬಂತು, ಮೂಗು ಒರೆಸಿಕೊಂಡು ನಕ್ಕಳು.

"ಹೌದೇನೋ?" ಎಂದಳು.

"ಹೂಂ. ಇ... ಇನ್ನೂ ಇದೆ," ಎಂದ ಹುಡುಗ, ಆರಾಮವಾಗಿ ಅವಳ ಮೊಣಕಾಲಿಗೆ ಒರಗಿ.

ಬಡಗಿ ಕೆಮ್ಮಿದ. "ಅಕ್ಕಾ, ನನ್ನ ಮೊಳೆ..."

"ತಡಿಯಪ್ಪ," ಎಂದಳು ಅವಳು, ಹುಡುಗನ ಮುಖದಿಂದ ಕಣ್ಣು ತೆಗೆಯದೆ. "ಇವನು ಹೇಳ್ತಾ ಇದ್ದಾನೆ."