ಗೌರಿ ಪುಡಿಗೆ ಬಂದ ಹೆಸರು

ಮಂಗಳಗೌರಿ ಎನ್ನುವವಳೊಬ್ಬಳು ತೆರಕಣಾಂಬಿಗೆ ಬಂದಿದ್ದಾಳೆಂದು ಮಲ್ಲಾಜಮ್ಮ ಮೊದಲು ಕೇಳಿದ್ದು ಗೋವಿಂದಯ್ಯನ ಹಿಟ್ಟಿನ ಗಿರಣಿಯಲ್ಲಿ. ರಾಗಿ ಬೀಸಿಸಲು ಬಂದ ಹೆಂಗಸರ ನಡುವೆ ಆ ಮುದುಕಿಯೂ ಕಟ್ಟೆಯ ಮೇಲೆ ಕೂತಿದ್ದಳು. ಗೋವಿಂದಯ್ಯ ಮೈತುಂಬ ಹಿಟ್ಟು ಮೆತ್ತಿಕೊಂಡು ಈಚೆ ಬಂದವನೇ ನಗತೊಡಗಿದ.

"ಚಂದಕವಾಡಿಯಿಂದ ಒಂದು ಹೆಣ್ಣು ಬಂದದೆ ಕಣ್ರವ್ವ. ಕೋಳಿ, ಕುರಿ ಬಾಡಿನ ಸಾರಿಗೆ ಪುಡಿ ಮಾಡಿ ಮಾರ್ತದೆ. ಆ ಪೊಟ್ಣದ ಮ್ಯಾಲೆ ಯಾರ ಪಟ ಅಂಟ್ಸದೆ ಗೊತ್ತಾ? ಮಲೆ ಮಾದಪ್ಪಂದು!"

"ಅಯ್ಯೋ ಶಿವನೆ, ಬಾಡು ಮುಟ್ಟದ ಮಾದಪ್ಪನ್ನ ತಂದು ಬಾಡಿನ ಗಡಿಗೆ ತಾವ ಕೂರಿಸ್ಬುಟ್ಲಾ?" ಎಂದಳೊಬ್ಬಳು.

ಗಿರಣಿಗೆ ಗಿರಣಿಯೇ ನಕ್ಕಿತು. ಮಲ್ಲಾಜಮ್ಮನೂ ನಕ್ಕಳು. ಆದರೆ ಆ ವಾರ ಪುಡಿ ಹೊತ್ತು ಬಾಗಿಲಿಗೆ ಬಂದು ನಿಂತ ಹುಡುಗಿಯ ಒಣಗಿದ ತುಟಿ ನೋಡಿ ಒಂದು ಪೊಟ್ಟಣ ಕೊಂಡಳು.

ಸ್ವಲ್ಪ ದಿನ ಬಿಟ್ಟು ಗೌರಿ ಮತ್ತೆ ಬಂದಳು. "ದೊಡ್ಡವ್ವ, ಪುಡಿ ಮುಗೀತಾ?"

"ಎಂಗಮ್ಮಿ ಮುಗಿದದು? ನಿನ್ನ ಮಾದಪ್ಪ ಹುಲಿ ಮ್ಯಾಲೆ ಕೂತ್ಕಂಡು ಕಾಯ್ತಾವ್ನೆ. ಅವನ ಮುಂದೆ ಬಾಡು ಬೇಯ್ಸಕಾದದಾ? ದೇವ್ರ ಗೂಡಲ್ಲಿಟ್ಟು ಹೂವ ಮುಡಿಸಿವ್ನಿ ನೋಡು."

ಗೌರಿ ಇಣುಕಿ ನೋಡಿದಳು. ನಗು ತಡೆಯಲಾರದೆ ಹೊಸ್ತಿಲ ಮೇಲೇ ಕುಸಿದು ಕೂತಳು. ನಗು ನಿಂತ ಮೇಲೂ ಏಳಲಿಲ್ಲ. ಎಲ್ಲರ ಮನೆಯಲ್ಲೂ ಅದೇ ಕತೆಯಂತೆ. ಒಂದು ಪೊಟ್ಟಣವೂ ಒಡೆದಿರಲಿಲ್ಲ, ಎಲ್ಲಕ್ಕೂ ಕುಂಕುಮ ಬಿದ್ದಿತ್ತು.

"ಲಾರಿ ಮ್ಯಾಲೂ ಅವ್ನೆ, ಹೋಟ್ಲು ಮ್ಯಾಲೂ ಅವ್ನೆ. ನನ್ ಪುಡಿ ಮ್ಯಾಲೂ ಇರ್ಲಿ ಅಂದ್ಕಂಡೆ, ದೊಡ್ಡವ್ವ. ಹಳೇ ಕ್ಯಾಲೆಂಡ್ರು, ಬಿಟ್ಟಿ ಸಿಕ್ತಿತ್ತು."

ಗಂಡ ರವಿಕುಮಾರ ಅರಿಶಿನದ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ. ಅಚ್ಚು ಹಾಕಿಸಿದ ಕವರು, ಬೋರ್ಡು ಇವೆಲ್ಲ ಅವರ ಕೈಗೆಟುಕುವ ಮಾತಾಗಿರಲಿಲ್ಲ. ಗೌರಿಗಿದ್ದದ್ದು ಒಂದೇ ಆಸೆ: ಅಂಗಡಿಗೆ ಬಂದವರು ಸಾರಿನ ಪುಡಿ ಎಂದು ಕೇಳಬಾರದು, ಗೌರಿ ಪುಡಿ ಎಂದು ಕೇಳಬೇಕು.

ಪಟ ಕಿತ್ತುಹಾಕಿದ ಮೇಲೆ ಅವಳಿಗೊಂದು ದಾರಿ ಹೊಳೆಯಿತು. ನಮ್ಮ ಕಡೆ ಮದುವೆಯಾದ ಮೇಲೆ ಬೀಗರೂಟ ಇದ್ದದ್ದೇ. ಆ ದಿನ ಬಾಡಿನ ಸಾರಿಗೆ ಊರೂರೇ ಸೇರುತ್ತದೆ. ಗುಂಡ್ಲುಪೇಟೆಯ ಛತ್ರಗಳಲ್ಲಿ ಅಡುಗೆ ಮಾಡುತ್ತಿದ್ದ ದೊಡ್ಡಮಲ್ಲಪ್ಪನಿಗೆ ಒಂದು ಕೊಪ್ಪರಿಗೆಗಾಗುವಷ್ಟು ಪುಡಿಯನ್ನು ಬಿಟ್ಟಿಯಾಗಿ ಕೊಟ್ಟಳು. ಉಂಡವರು ಬೆರಳು ಚೀಪಿದರು. ಯಾರ ಪುಡಿಯೆಂದು ಕೇಳಿದವರಿಗೆ ದೊಡ್ಡಮಲ್ಲಪ್ಪ ಮೀಸೆಯ ಮೇಲೆ ಕೈಯಾಡಿಸಿ, "ಪುಡೀದೇನ್ಲಾ, ಕೈ ನಂದು ಕಣ್ಲಾ!" ಎಂದ.

ಗೌರಿ ಅಳುಮುಖ ಮಾಡಿಕೊಂಡು ಬಂದು ಹೇಳಿದಾಗ ಮಲ್ಲಾಜಮ್ಮನಿಗೆ ರೇಗಿತು. "ಬುಡು, ಮುಂದಿನ ಊಟಕ್ಕೆ ನಾನೂ ಬತ್ತೀನಿ."

ಹೋದಳು. ಗಂಡ ಸತ್ತ ಮೇಲೆ ಕರೆಯದ ಮನೆಯ ಊಟಕ್ಕೆ ಕಾಲಿಟ್ಟವಳಲ್ಲ. ಸೆರಗು ಹೊದ್ದು ಪಂಕ್ತಿಯ ನಡುವೆ ಕೂತಳು. ಒಂದು ತುತ್ತು ಮುದ್ದೆ ನುಂಗಿ, ಇಡೀ ಛತ್ರಕ್ಕೆ ಕೇಳುವಂತೆ, "ಇದು ತೆರಕಣಾಂಬಿ ಗೌರಿ ಪುಡಿ ಸಾರಲ್ವಾ? ಅದಕ್ಕೇ ಇಷ್ಟು ರುಚಿಯಾಗದೆ!" ಎಂದಳು. ಅಕ್ಕಪಕ್ಕದವರು ತಲೆ ಎತ್ತಿದರು. "ಯಾವ ಗೌರಿ, ಅಜ್ಜಿ? ಎಲ್ಲಿ ಸಿಕ್ತದೆ?" ಕೊಪ್ಪರಿಗೆಯ ಪಕ್ಕದಲ್ಲಿ ನಿಂತಿದ್ದ ದೊಡ್ಡಮಲ್ಲಪ್ಪ ಹಲ್ಲು ಕಡಿದ.

ಅಲ್ಲಿಂದ ಅದೇ ಕೆಲಸವಾಯಿತು. ಹಗಲೆಲ್ಲ ಮೆಣಸಿನಕಾಯಿ, ಕೊತ್ತಂಬರಿ ಬೀಜ ಹುರಿದು ಕೆಮ್ಮುವುದು. ಪುಡಿ ಕೊಟ್ಟ ಊಟವಿದ್ದ ದಿನ ಇಬ್ಬರೂ ಬಸ್ಸು ಹತ್ತುವುದು. ಸೀಟು ಸಿಗದೆ ಮಲ್ಲಾಜಮ್ಮ ಕಂಬ ಹಿಡಿದು ತೂಗಾಡುವಳು, ಮಂಡಿ ಸಿಡಿಯುವುದು. "ಉಣ್ಣಕೂ ಇಷ್ಟು ಸುಸ್ತಾದದೇನಮ್ಮಿ!" ಎಂದು ಬೈದುಕೊಳ್ಳುವಳು. ಗೌರಿ ಕಾಲೊತ್ತುವಳು. ವರುಷ ಕಳೆಯುವುದರೊಳಗೆ ಗುಂಡ್ಲುಪೇಟೆಯ ಅಂಗಡಿಗಳಲ್ಲಿ ಜನ ಹೆಸರು ಹಿಡಿದು ಕೇಳತೊಡಗಿದರು.

ಹೆಸರೇನೋ ಬಂತು. ಬಂದ ಹೆಸರು ಗೌರಿಯ ಹತ್ತಿರ ನಿಲ್ಲಲಿಲ್ಲ.

ಚಾಮರಾಜನಗರದ ಒಂದು ಊಟದಲ್ಲಿ, ಅದೂ ಕರೆ ಬಂದು ಹೋದ ಊಟ, ಮಲ್ಲಾಜಮ್ಮ ಸಾರು ಬಾಯಿಗಿಟ್ಟರೆ ಬರೀ ಉರಿ, ಹೊಟ್ಟಿನ ವಾಸನೆ. ಪಕ್ಕದ ಮುದುಕ ಮುಖ ಕಿವುಚಿ, "ಗೌರಿ ಪುಡಿ ಕಣವ್ವ, ಹೆಸ್ರಷ್ಟೇ ದೊಡ್ದು" ಎಂದ.

"ಇದು ಗೌರಿ ಪುಡಿ ಅಲ್ಲ ಕಣಪ್ಪ!"

ಬಡಿಸುವವನು ಒಳಗಿಂದ ಕವರು ತಂದು ತೋರಿಸಿದ. ಥಳಥಳ ಹೊಳೆಯುವ ಕವರು, ಮೇಲೆ ದಪ್ಪಕ್ಷರದಲ್ಲಿ ಗೌರಿ ಪುಡಿ.

ಮಾರನೆಯ ದಿನ ಗೌರಿಯೂ ಮಲ್ಲಾಜಮ್ಮನೂ ಕವರಿನ ವಿಳಾಸ ಹಿಡಿದು ಅದನ್ನು ಮಾಡಿಸುತ್ತಿದ್ದವನ ಅಂಗಡಿ ಹುಡುಕಿಕೊಂಡು ಹೋದರು. ಅವನು ಕೂತಲ್ಲಿಂದ ಏಳಲಿಲ್ಲ. "ಗೌರಿ ಅನ್ನೋರು ಊರಿಗೆ ಹತ್ತು ಜನ ಅವ್ರೆ. ಎಲ್ರೂ ಬಂದು ನನ್ ಹೆಸ್ರು ಕೊಡು ಅಂದ್ರೆ ನಾನೇನವ್ವ ಮಾಡ್ಲಿ? ನೀನೇನು ರಿಜಿಸ್ಟ್ರು ಮಾಡ್ಸಿದ್ಯಾ?"

ಹೆಸರಿಗೂ ರಿಜಿಸ್ಟ್ರು ಇದೆಯೆಂದು ಗೌರಿಗೆ ಗೊತ್ತಾದದ್ದೇ ಆಗ.

ಆಮೇಲೆ ಹಳೆಯ ಗಿರಾಕಿಗಳೂ ದಾರಿಯಲ್ಲಿ ನಿಲ್ಲಿಸಿ ಆಡಿಕೊಂಡರು: "ಏನಮ್ಮಿ, ಹೊಟ್ಟು ಬೆರಸ್ತಿದ್ದೀಯಂತೆ?" ಅಲ್ಲವೆಂದು ಹೇಳಿ ಹೇಳಿ ಅವಳ ಗಂಟಲು ಸೋತಿತು. ಕೊನೆಗೆ ಹುರಿಯುವ ಬಾಣಲೆ ಮಗುಚಿಟ್ಟು, ಚಾಮರಾಜನಗರದ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸಕ್ಕೆ ಒಪ್ಪಿಕೊಂಡಳು.

ಹೊರಡುವ ದಿನ ಬಸ್ಸಿನವರೆಗೂ ಮಲ್ಲಾಜಮ್ಮ ಜೊತೆಗೆ ನಡೆದಳು. "ನೀನು ಓಗು ಮಗ. ಆ ಕಳ್ಳನ ಸಾರು ಎಲ್ಲೆಲ್ಲಿ ಬಡಿಸ್ತಾರೋ ಅಲ್ಲೆಲ್ಲಾ ಕೂತು, ಇದು ನಮ್ ಗೌರಿದಲ್ಲ ಅಂತ ಕೂಗ್ತೀನಿ. ಬಾಯಿ ಬಿದ್ದೋಗಿಲ್ಲ ನಂಗೆ."

ಗೌರಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು. ಮುದುಕಿಯ ಕೈ ಹಿಡಿದುಕೊಂಡಳು.

"ಬ್ಯಾಡ, ದೊಡ್ಡವ್ವ. ಇನ್ಮ್ಯಾಕೆ ಊಟಕ್ಕೋದ್ರೆ ಸುಮ್ಕೆ ಉಂಡ್ಬುಟ್ಟು ಬಾ. ಸಾರು ಚಂದಾಗಿದ್ರೂ ಸೈ, ಕೆಟ್ಟಿದ್ರೂ ಸೈ, ನನ್ ಹೆಸ್ರು ಮಾತ್ರ ಎಲ್ಲೂ ಎತ್ತಬ್ಯಾಡ."