ಹಸಿರು ದೀಪದ ಪೆಟ್ಟಿಗೆ

ಕಚೇರಿಯಲ್ಲಿ ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ, ಹಳೆಯ ರಿಜಿಸ್ಟರುಗಳ ಹಿಂದೆ, ಸಾಬೂನಿನ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ ಬಿದ್ದುಕೊಂಡಿದೆ. ಅದಕ್ಕೊಂದು ಬೆರಳುದ್ದದ ಆಂಟೆನಾ, ಒಂದು ಹಸಿರು ದೀಪ. ಅದನ್ನು ಎಸೆಯಲು ನಮ್ಮ ಕಾರ್ಯದರ್ಶಿ ಬಿಡುವುದಿಲ್ಲ, ಮತ್ತೆ ಜೋಡಿಸಲು ನಾನು ಬಿಡುವುದಿಲ್ಲ. ಅದರಿಂದಾಗಿ ಒಂದು ದನ ಸತ್ತಿತು. ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಆ ಉರಿಯಲ್ಲಿ ಅರ್ಧ ನನ್ನ ಮೇಲೆಯೇ.

ಆಲಂಕಾರಿನಲ್ಲಿ ಹೈನುಗಾರರೇ ಸೇರಿ ನಡೆಸುವ ಸಣ್ಣದೊಂದು ಪಶು ಚಿಕಿತ್ಸಾ ಕೇಂದ್ರದಲ್ಲಿ ನಾನು ಗುಮಾಸ್ತೆ. ಇರುವುದು ಒಬ್ಬರೇ ಡಾಕ್ಟರು. ರಾಮಕುಂಜದಿಂದ ಪಂಜದವರೆಗೆ ಬೈಕಿನಲ್ಲಿ ಸುತ್ತುತ್ತಲೇ ಇರುತ್ತಾರೆ. ಅವರ ನಂಬರನ್ನು ಯಾರಿಗೂ ಕೊಡಬಾರದೆಂದು ಕೇಂದ್ರದ ನಿಯಮ. ಕೊಟ್ಟರೆ ಅವರಿಗೆ ಊಟ ಮಾಡಲೂ ಪುರುಸೊತ್ತು ಸಿಗುವುದಿಲ್ಲ. ಹಾಗಾಗಿ ಎಲ್ಲರೂ ಕೇಂದ್ರದ ನಂಬರಿಗೇ ತಿಳಿಸುತ್ತಿದ್ದರು. ಆ ನಂಬರಿನ ಬಟನ್ ಫೋನ್ ವರ್ಷಗಟ್ಟಲೆ ನನ್ನ ಮೇಜಿನ ಮೇಲೆಯೇ ಇತ್ತು.

ಪಂಜದ ಆಚೆ ಗುಡ್ಡದ ಮೇಲಿನ ಮನೆಗಳಲ್ಲಿ ರೇಂಜ್ ಇಲ್ಲ. ಅಲ್ಲಿಯವರು ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು, ದಿನಕ್ಕೆ ನಾಲ್ಕೈದು ಸಲ ಜನರನ್ನು ಹತ್ತಿಸಿಕೊಂಡು ಗುಡ್ಡ ಹತ್ತಿಳಿಯುವ ಸರ್ವಿಸ್ ಜೀಪಿನ ಡ್ರೈವರನ ಕೈಗೆ ಕೊಡುತ್ತಾರೆ. ಕೆಳಗೆ ಶಾಲೆಯ ತಿರುವಿನಲ್ಲಿ ಒಂದಿಷ್ಟು ರೇಂಜ್ ಸಿಗುತ್ತದೆ. ಮಾತಾಡಲು ಹೋದರೆ ಕಟ್ ಆಗುತ್ತದೆ, ಮೆಸೇಜ್ ಮಾತ್ರ ಹೇಗೋ ಹೋಗುತ್ತದೆ. ಅವನು ಅಲ್ಲಿ ಜೀಪು ನಿಲ್ಲಿಸಿ, ಚೀಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ತನ್ನ ಫೋನಿನಲ್ಲಿ ಒತ್ತಿ ಕಳಿಸುತ್ತಾನೆ. ಗ್ಯಾಸಿನವರಿಗೂ ಹಾಗೆ, ರಬ್ಬರ್ ಕೊಳ್ಳುವವರಿಗೂ ಹಾಗೆ, ನಮಗೂ ಹಾಗೆಯೇ. ನಾನು ಡಾಕ್ಟರಿಗೆ ಫೋನ್ ಮಾಡಿ, ಎಷ್ಟು ಹೊತ್ತಿಗೆ ಬರುತ್ತಾರೆಂದು ಡ್ರೈವರನಿಗೆ ತಿಳಿಸುತ್ತಿದ್ದೆ. ಅವನು ಮತ್ತೆ ಗುಡ್ಡ ಹತ್ತುವಾಗ ಆ ಮನೆಗೆ ಹೇಳಿ ಹೋಗುತ್ತಿದ್ದ. ಇದರಲ್ಲಿ ಎಂದೂ ತಪ್ಪಾದದ್ದಿಲ್ಲ.

ಸರಿಯಾಗಿ ನಡೆಯುತ್ತಿರುವುದನ್ನು ನೋಡಿದರೆ ಕೆಲವರಿಗೆ ಕೈ ತುರಿಸುತ್ತದೆ. ಒಂದು ದಿನ ಕಾರ್ಯದರ್ಶಿ ಈ ಪೆಟ್ಟಿಗೆಯನ್ನು ಹಿಡಿದುಕೊಂಡು ಬಂದರು.

"ಮೇಡಂ, ಇನ್ನು ನೀವು ಫೋನ್ ಕಾಯ್ತಾ ಕೂತ್ಕೊಳ್ಳುದು ಬೇಡ. ಮೆಸೇಜ್ ಬಂದ್ರೆ ಇದು ಇಮೇಲ್ ಮಾಡಿ ಡಾಕ್ಟ್ರಿಗೆ ಕಳಿಸ್ತದೆ, ನಿಮಗೂ ಒಂದು ಕಾಪಿ ಬರ್ತದೆ. ಡಾಕ್ಟ್ರು ಇಮೇಲಲ್ಲಿ ಉತ್ತರ ಬರೆದ್ರೆ ಅವರಿಗೆ ಮೆಸೇಜ್ ಆಗಿ ಹೋಗ್ತದೆ. ಎಲ್ಲದಕ್ಕೂ ದಾಖಲೆ ಉಂಟು."

ನನ್ನ ಫೋನಿನ ಸಿಮ್ಮನ್ನು ಕಿತ್ತು ಪೆಟ್ಟಿಗೆಯ ಹೊಟ್ಟೆಗೆ ತುರುಕಿದರು. ಜೋಡಿಸಲು ಪುತ್ತೂರಿನಿಂದ ಬಂದಿದ್ದವನು ನನ್ನನ್ನು ಕೇಳಿದ, "ಯಾವ ಯಾವ ನಂಬರನ್ನು ಒಳಗೆ ಬಿಡುದು ಮೇಡಂ? ಪಟ್ಟಿ ಕೊಡದಿದ್ರೆ ಲೋನಿನದ್ದು, ಲಾಟರಿದ್ದು ಎಲ್ಲ ಬಂದು ತುಂಬ್ತದೆ."

ಸದಸ್ಯರ ಪುಸ್ತಕ ತೆಗೆದೆ. ಮನೆಗೊಂದು ನಂಬರು. ಎರಡು ದಿನ ಕೂತು ಒಂದೂ ಅಂಕೆ ತಪ್ಪದಂತೆ ಟೈಪ್ ಮಾಡಿದೆ. ಜೀಪಿನವನು ನಮ್ಮ ಸದಸ್ಯನಲ್ಲ, ಅವನ ನಂಬರು ಪುಸ್ತಕದಲ್ಲಿ ಇರಲಿಲ್ಲ. ಗುಡ್ಡದಿಂದ ಬಂದ ಮೆಸೇಜುಗಳನ್ನೆಲ್ಲ ಅವನ ನಂಬರಿನಿಂದಲೇ ಓದುತ್ತಾ ಬಂದ ನನಗೆ, ಆ ಎರಡು ದಿನದಲ್ಲಿ ಒಂದು ಸಲವೂ ಅವನ ನೆನಪಾಗಲಿಲ್ಲ. ನನ್ನ ಬುದ್ಧಿಗೆ ಏನು ಬಡಿದಿತ್ತೋ.

ಅದಾಗಿ ವಾರ ಕಳೆದಿರಬೇಕು. ಒಂದು ಬೆಳಗ್ಗೆ ನಾನು ಬ್ಯಾಗು ಇಟ್ಟು ಕೂರುವಾಗಲೇ ಹಸಿರು ದೀಪ ಮಿನುಗಿತು. ಮೆಸೇಜ್ ಬಂದಾಗಲೆಲ್ಲ ಅದು ಹಾಗೆ ಮಿನುಗುತ್ತಿತ್ತು. ಕಂಪ್ಯೂಟರ್ ನೋಡಿದರೆ ಇಮೇಲ್ ಏನೂ ಇರಲಿಲ್ಲ. ಯಾವುದೋ ಲೋನಿನವರದ್ದು ಇರಬೇಕು, ಪೆಟ್ಟಿಗೆ ಅದನ್ನು ಹೊರಗೇ ನಿಲ್ಲಿಸಿದೆ ಅಂದುಕೊಂಡೆ. ಆ ದಿನ ಅದು ನಾಲ್ಕು ಸಲ ಮಿನುಗಿತು. ಪೆಟ್ಟಿಗೆ ಒಳ್ಳೆಯದುಂಟು ಎಂದು ಕಾರ್ಯದರ್ಶಿಗೆ ಹೇಳಿಯೂ ಹೇಳಿದೆ.

ಮೂರನೆಯ ದಿನ ಗುಡ್ಡದ ಮೇಲಿನ ಮನೆಯ ಹೆಂಗಸೊಬ್ಬಳು ಜೀಪಿನ ಡ್ರೈವರನನ್ನೇ ಕರೆದುಕೊಂಡು ಕೇಂದ್ರಕ್ಕೆ ಬಂದಳು. ಅವಳಿಗೆ ಇದ್ದದ್ದು ಒಂದೇ ದನ, ಕರುವಿನಿಂದ ಅವಳೇ ಸಾಕಿದ್ದು. ಚೊಚ್ಚಲ ಹೆರಿಗೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡಿತ್ತು. ಸಂಜೆ ಅಕ್ಕಪಕ್ಕದವರು ಸೇರಿ ಎಳೆದು ತೆಗೆಯುವಾಗ ಕರುವಿಗೆ ಜೀವ ಇರಲಿಲ್ಲ. ಮರುದಿನ ದನವೂ ಹೋಯಿತು. ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಮೆಸೇಜ್ ಮುಟ್ಟಿದೆ ಅಂತ ಉಂಟಲ್ಲ ಅಕ್ಕ ಇವನ ಫೋನಲ್ಲಿ," ಎಂದಳು. "ನಾನು ಬಿಸಿನೀರು ಇಟ್ಕೊಂಡು ದಾರಿ ನೋಡ್ತಾ ಕೂತದ್ದು. ಯಾರಿಗೆ ಮುಟ್ಟಿದ್ದು ಹಾಗಾದ್ರೆ?"

"ನಾನು ಒಮ್ಮೆ ಕಾಲ್ ಸಹ ಮಾಡಿದೆ," ಎಂದ ಡ್ರೈವರ್. "ರಿಂಗಾಗಿ ರಿಂಗಾಗಿ ನಿಂತಿತು. ಮೆಸೇಜ್ ಮುಟ್ಟಿದೆಯಲ್ಲ, ಡಾಕ್ಟ್ರು ಬರ್ತಾರೆ ಅಂತ ಇವರಿಗೆ ನಾನೇ ಧೈರ್ಯ ಹೇಳಿದ್ದು."

ಒಳಗೆ ಕೂತಿದ್ದ ಕಾರ್ಯದರ್ಶಿ ಕುರ್ಚಿಯಿಂದ ಏಳದೆಯೇ ಹೇಳಿದರು, "ಪೆಟ್ಟಿಗೆದ್ದು ಎಂತ ತಪ್ಪಿಲ್ಲ. ನೋಂದಾಯಿಸಿದ ನಂಬರಿಂದ ಕಳಿಸ್ಬೇಕಿತ್ತು."

ನನಗೆ ಸಿಟ್ಟು ನೆತ್ತಿಗೇರಿತು. "ರೇಂಜೇ ಇಲ್ಲದ ಮನೆಯ ನಂಬರಿಂದ ಎಲ್ಲಿಂದ ಕಳಿಸುದು ಸರ್? ದನ ಬಿಟ್ಟು ಶಾಲೆಯ ತಿರುವಿಗೆ ಇಳಿದು ಬರ್ಬೇಕಿತ್ತಾ ಅವಳು?"

"ಪಟ್ಟಿ ಮಾಡಿದ್ದು ನೀವೇ ಅಲ್ವಾ ಮೇಡಂ?"

ಹೌದು, ನಾನೇ. ಆದರೆ ದಾಖಲೆ ದಾಖಲೆ ಎಂದು ಕುಣಿದ ಆ ಮನುಷ್ಯ, ಎದುರಿಗೆ ನಿಂತವಳಿಗೆ ಕೂತ್ಕೊಳ್ಳಿ ಎಂದೂ ಹೇಳಲಿಲ್ಲವಲ್ಲ, ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಅವರ ಕಣ್ಣೆದುರೇ ಪೆಟ್ಟಿಗೆಯ ವಯರು ಕಿತ್ತೆ. ಸಿಮ್ಮನ್ನು ತೆಗೆದು ನನ್ನ ಬಟನ್ ಫೋನಿಗೆ ಹಾಕಿದೆ. ಬೇಕಾದರೆ ನೋಟಿಸ್ ಕೊಡಿ ಎಂದೆ. ಕೊಡಲಿಲ್ಲ.

ಆಮೇಲೆ ಅವಳನ್ನು ಕೂರಿಸಿ, ಡ್ರೈವರನ ಫೋನ್ ಕೇಳಿ ಪಡೆದು ಓದಿದೆ. ಪ್ರತಿ ಟ್ರಿಪ್ಪಿಗೆ ಒಂದೊಂದು ಚೀಟಿ, ಹಾಗೆ ನಾಲ್ಕು ಮೆಸೇಜು. ಕೇಂದ್ರಕ್ಕೆಂದು ಬರೆದದ್ದು ಒಂದೂ ಇರಲಿಲ್ಲ. ಎಲ್ಲವೂ ನನಗೇ.

"ಅಕ್ಕ, ಮೇಲಿನ ಮನೆಯಿಂದ. ದನಕ್ಕೆ ಕಷ್ಟ ಆಗ್ತಾ ಉಂಟು, ಡಾಕ್ಟ್ರನ್ನು ಕಳಿಸಿ."

"ಅಕ್ಕ, ಡಾಕ್ಟ್ರು ಹೊರಟ್ರಾ?"

"ಅಕ್ಕ, ಒಂದು ಕಾಲು ಮಾತ್ರ ಹೊರಗೆ ಬಂದಿದೆ, ಬೇಗ ಹೇಳಿ."

ನಾಲ್ಕನೆಯದು ಸಂಜೆಯ ಕೊನೆಯ ಟ್ರಿಪ್ಪಿನದ್ದು. "ಅಕ್ಕ, ಡಾಕ್ಟ್ರಿಗೆ ಬೇರೆ ಕೆಲಸ ಇದ್ರೆ ಇನ್ನು ಅವಸರ ಇಲ್ಲ. ಕರು ಹೋಯ್ತು."

ಅದು ಬಂದಾಗ ನಾನು ಮನೆಗೆ ಹೊರಡಲು ಎದ್ದಿದ್ದೆ. ಹಸಿರು ದೀಪ ಮಿನುಗಿದ್ದನ್ನು ನೋಡಿಯೇ ಬಾಗಿಲು ಹಾಕಿದ್ದೆ.