ಸ್ಕೇಟ್‌ಬೋರ್ಡಿಗೆ ಮೋಟಾರು ಕೂರಿಸಿದ್ದು

ನಮ್ಮ ಮನೆತನದವರು ದೇಗಾಂವದ ಕಡೆ ಪೂಜೆ, ಪುರಾಣ ಮಾಡಿಕೊಂಡು ಬಂದವರು. ನಾನು ಸವದತ್ತಿಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ರೈತರು ತರುವ ಸುಟ್ಟ ಪಂಪುಗಳಿಗೆ ಹೊಸ ತಂತಿ ಸುತ್ತುವುದು ಕೆಲಸ. ನಲವತ್ತೈದು ದಾಟಿದ ಮೇಲೆ ಒಂದು ದಿನ, ಕರೆಂಟಿನ ಸ್ಕೇಟ್‌ಬೋರ್ಡಿನ ಮೇಲೆ ನಿಂತು ಯಾರೋ ಒಬ್ಬ ಕಾಲಿನಿಂದ ತಳ್ಳದೆ ದಿಬ್ಬ ಏರುವುದನ್ನು ಮೊಬೈಲಿನಲ್ಲಿ ನೋಡಿದೆ. ಮೋಟಾರು ನನ್ನ ಕಸುಬು, ಇದೇನು ಮಹಾ ಅನ್ನಿಸಿತು.

ಹಲಗೆ, ಗಾಲಿ, ಮೋಟಾರು, ಮೋಟಾರಿನಿಂದ ಗಾಲಿ ತಿರುಗಿಸುವ ಬೆಲ್ಟು, ಬ್ಯಾಟರಿ, ಕೈಯಲ್ಲಿ ಹಿಡಿಯುವ ರಿಮೋಟು ಎಲ್ಲ ಪಾರ್ಸೆಲಿನಲ್ಲಿ ಬಂದವು. ಬರದೆ ಉಳಿದದ್ದು ಮೌಂಟ್ ಒಂದೇ, ಅಂದರೆ ಮೋಟಾರನ್ನು ಗಾಲಿಯ ಅಚ್ಚಿಗೆ ಕಚ್ಚಿಸಿ ಹಿಡಿಯುವ ಲೋಹದ ತುಂಡು. ನನ್ನ ಅಚ್ಚಿಗೆ ಹೊಂದುವಂಥದ್ದು ಎಲ್ಲೂ ಸಿಗಲಿಲ್ಲ. ಕಬ್ಬಿಣದ ಪಟ್ಟಿ ಬಗ್ಗಿಸಿ, ಪೈಪಿಗೆ ಹಾಕುವ ಕ್ಲಾಂಪಿನಿಂದ ಬಿಗಿದೆ. ಓಣಿಯಲ್ಲಿ ಹಲಗೆಯ ಮೇಲೆ ನಿಂತು ರಿಮೋಟು ಒತ್ತಿದೆ. ಗಾಲಿ ತಿರುಗುವ ಬದಲು ಮೋಟಾರೇ ಅಚ್ಚಿನ ಸುತ್ತ ಹೊರಳಿತು, ಬೆಲ್ಟು ಕಳಚಿತು. ನಾನು ನಿಂತಲ್ಲೇ ನಿಂತಿದ್ದೆ. ಮೂರು ಸಲ ಬಿಗಿ ಮಾಡಿದೆ, ಮೂರು ಸಲವೂ ಹಾಗೇ ಆಯಿತು.

ವೆಲ್ಡ್ ಮಾಡಿಸಿಬಿಡೋಣ ಎಂದು ಬೈಲಹೊಂಗಲಕ್ಕೆ ಹೋದೆ. ಅಲ್ಲಿನ ಲೇತ್ ಅಂಗಡಿಯ ಮಿಸ್ತ್ರಿ ಹಳೆಯ ಪರಿಚಯದವರು; ಪಂಪಿನ ಶಾಫ್ಟುಗಳನ್ನೆಲ್ಲ ಅವರ ಹತ್ತಿರವೇ ಮಾಡಿಸುತ್ತೇನೆ. ಅವರು ಅಚ್ಚನ್ನು ಕೈಯಲ್ಲಿ ತೂಗಿ ನೋಡಿದರು.

"ಇದಕ್ಕ ಬೆಂಕಿ ತೋರಸೂದು ಬ್ಯಾಡ್ರಿ. ಅಲ್ಯುಮಿನಿಯಂ ಎರಕ ಐತಿ, ಸೊಟ್ಟ ಆಗತೈತಿ."

"ಮತ್ತ ಹೆಂಗ ನಿಲ್ಲಸ್ಬೇಕ್ರಿ?"

"ದುಂಡಗಿದ್ದದ್ದು ಜಾರೂದ. ಅಚ್ಚಿನ ಒಂದ್ ಮಗ್ಗಲಾ ಅರದಿಂದ ಉಜ್ಜಿ ಚಪ್ಪಟ ಮಾಡ್ರಿ. ಮೌಂಟಿನ ತೂತಿಗೂ ಒಂದ್ ಮಗ್ಗಲಾ ಚಪ್ಪಟ ಇಡೂಣು. ಆಮ್ಯಾಲ ಹೆಂಗ ತಿರಗತೈತಿ ನೋಡೂಣು. ನೀವು ಅಳತಿ ಮಾಡ್ಕೊಂಡ್ ಬರ್ರಿ, ನಾ ಕೊರದ ಕೊಡತೇನಿ."

ಅಚ್ಚಿನ ಒಂದು ಮಗ್ಗಲು ಉಜ್ಜಿ ಚಪ್ಪಟೆ ಮಾಡಿಕೊಂಡು, ರವಿವಾರ ಮಧ್ಯಾಹ್ನ ಸೀರೆ ಡಬ್ಬಿಯ ರಟ್ಟು ಕತ್ತರಿಸಿ ಮೌಂಟಿನ ಆಕಾರ ತೆಗೆಯುತ್ತ ಕೂತೆ. ಮೋಟಾರಿನ ನಾಲ್ಕು ಬೋಲ್ಟಿಗೆ ನಾಲ್ಕು ತೂತು. ತೂತು ಚೂರು ಆಚೀಚೆಯಾದರೂ ಬೆಲ್ಟು ಸಡಿಲ, ಇಲ್ಲವೇ ಹರಿಯುವಷ್ಟು ಬಿಗಿ. ನಾಲ್ಕು ರಟ್ಟು ಕೆಟ್ಟವು. ಪಕ್ಕದಲ್ಲಿ ಜಂಪರು ಹೊಲಿಯುತ್ತಿದ್ದ ಹೆಂಡತಿ ಮಷೀನು ನಿಲ್ಲಿಸಿದಳು.

"ಅಲ್ಲರೀ, ತೂತು ದುಂಡಗ ಯಾಕ ಇರಬೇಕು? ನನ್ನ ಮಷೀನಿನ ಮೋಟಾರಿಗೆ ಉದ್ದ ತೂತು ಅದ ನೋಡ್ರಿ. ಬೆಲ್ಟು ಸಡ್ಲಾದ್ರ ಸ್ಕ್ರೂ ಬಿಚ್ಚಿ ಕೆಳಗ ಸರಸ್ತೀನಿ, ಮತ್ತ ಬಿಗಿ ಮಾಡ್ತೀನಿ."

ಬಗ್ಗಿ ನೋಡಿದೆ. ಆ ಮೋಟಾರನ್ನು ಅಲ್ಲಿ ಕೂರಿಸಿದವನು ನಾನೇ.

"ಮೊದಲ ಹೇಳಬಾರದಾಗಿತ್ತ?"

"ನೀವೆಲ್ಲಿ ಕೇಳಿದ್ರಿ?" ಅಂದು ಅವಳು ಮತ್ತೆ ಹೊಲಿಗೆಗೆ ತೊಡಗಿದಳು.

ಮಿಸ್ತ್ರಿ ರಟ್ಟಿನ ಪ್ರಕಾರ ದಪ್ಪ ಅಲ್ಯುಮಿನಿಯಂ ತಗಡಿನಲ್ಲಿ ಕೊರೆದುಕೊಟ್ಟರು. ಉದ್ದ ತೂತುಗಳ ಮೇಲೆ ಬೆರಳಾಡಿಸಿ, "ಇದೊಂದ್ ಛಲೋ ಮಾಡೀರಿ" ಅಂದರು. ಮನೆಯವಳ ಬುದ್ಧಿ ಅದು ಎಂದು ಒಪ್ಪಿಕೊಂಡೆ.

ದೇವಿಯ ಗುಡ್ಡಕ್ಕೆ ಬರುವ ಭಕ್ತರ ಗದ್ದಲವಿಲ್ಲದ ಒಂದು ಬೆಳಿಗ್ಗೆ ಹೆಂಡತಿಯೂ ನಾನೂ ಉಗರಗೋಳದ ಹತ್ತಿರದ ಡಾಂಬರು ರಸ್ತೆಗೆ ಹೋದೆವು. ನಾನು ಒಂದು ಫರ್ಲಾಂಗು ಹೋಗಿ ಬಂದೆ. ಮೌಂಟ್ ಅಲುಗಾಡಿರಲಿಲ್ಲ.

"ನಾನೊಮ್ಮೆ ನಿಂದರ್ಲೇನು?" ಅಂದಳು.

ಅವಳು ಮನೋಳಿಯವಳು. ಹುಡುಗಿಯಾಗಿದ್ದಾಗ ಅಣ್ಣಂದಿರ ಸೈಕಲ್ಲು ಕದ್ದು ಹೊಳೆಯ ದಾರಿಯಲ್ಲಿ ಓಡಿಸುತ್ತಿದ್ದಳಂತೆ. ಮೊಣಕೈ ಹಿಡಿದುಕೊಂಡು ನಾನು ಪಕ್ಕದಲ್ಲೇ ಓಡಿದೆ. ಹತ್ತು ಹೆಜ್ಜೆಗೆ ಅವಳೇ ಕೈ ಬಿಡಿಸಿಕೊಂಡಳು. ದುಪಟ್ಟಾ ಸೊಂಟಕ್ಕೆ ಕಟ್ಟಿದ್ದಳು, ಬೆನ್ನು ನೆಟ್ಟಗಿತ್ತು. ಎದುರಿಗೆ ಕುರಿಹಿಂಡು ಬಂದಾಗ ನಿಧಾನ ಮಾಡಿ, ಇಳಿದು ನಿಂತಳು. ಅಷ್ಟರಲ್ಲಿ ನಾನೂ ಏದುಸಿರು ಬಿಡುತ್ತ ಹೋಗಿ ಮುಟ್ಟಿದೆ.

"ಏನ್ರಿ ಅಕ್ಕಾರ ಇದು?" ಕುರಿಯವನು ಕೇಳಿದ.

"ನಾವ ಮನ್ಯಾಗ ಮಾಡೀವ್ರಿ," ಅಂದಳು.

'ನಾವ' ಅಂದದ್ದು ನನಗೆ ಬಹಳ ಹಿಡಿಸಿತು.

ಮುಂದಿನ ರವಿವಾರ ಅವಳ ತಂಗಿಯ ಮನೆಗೆ ಕಿತ್ತೂರಿಗೆ ಹೊರಟೆವು. ತಂಗಿಗೆ ತೋರಿಸಲೇಬೇಕೆಂದು, ಅವಳು ಬಸ್ಸಿನಲ್ಲಿ ಹಲಗೆಯನ್ನು ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದಳು.